ನನ್ನ ಲಿವರ್ ನೋಡಿಕೊಂಡವರಿಗೆ

ನಿನ್ನೆ ಫೈಬ್ರೋಸ್ಕ್ಯಾನ್ ವರದಿ ಕೈಗೆ ಬಂತು. ತೂಕ ಇಳಿಸುವ ಆಪರೇಷನ್ ಆಗಿ ಎರಡು ವರ್ಷ ತುಂಬಿದೆ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಹೇಳುವ ಅಂಕಿ ಆಗ 11.8 ಕಿಲೋಪ್ಯಾಸ್ಕಲ್ ಇತ್ತು. ಈಗ 6.1. ಡಾಕ್ಟರ್ ಕಾಗದವನ್ನು ನನ್ನ ಕಡೆ ತಿರುಗಿಸಿ, ಆ ಅಂಕಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆದರು. ನಾನು ಅಲ್ಲೇ ಅತ್ತುಬಿಟ್ಟೆ.

ಈ ಎರಡು ವರ್ಷ ನನ್ನನ್ನು ನೋಡಿದವರೆಲ್ಲ ಕೇಳಿದ್ದು "ಎಷ್ಟು ಕೆಜಿ ಇಳಿದ್ರಿ?" ಅಂತ. 118 ಇದ್ದದ್ದು 84 ಆಗಿದೆ. ಖುಷಿ ಇದೆ. ಆದರೆ ನಾನು ಆಪರೇಷನ್ ಟೇಬಲ್ ಮೇಲೆ ಮಲಗಿದ್ದು ಲಿವರ್‌ಗಾಗಿ. ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದನ್ನು ನೋಡಿದವರಿಗೆ, ನೋಡಿಕೊಂಡವರಿಗೆ ಇವತ್ತು ಥ್ಯಾಂಕ್ಸ್ ಹೇಳಬೇಕು.

ಮೊದಲು, ಹಳೆಯ ಫೈಲ್ ಪೂರ್ತಿ ತಿರುವಿ ನೋಡಿದ ಆ ಡಾಕ್ಟರಮ್ಮನಿಗೆ. ನಾಲ್ಕು ವರ್ಷದಿಂದ ನನ್ನ ಹೊಟ್ಟೆಯ ಸ್ಕ್ಯಾನ್ ವರದಿಗಳಲ್ಲಿ "ಗ್ರೇಡ್ 2 ಫ್ಯಾಟಿ ಲಿವರ್" ಅಂತ ಬರೆದಿರುತ್ತಿತ್ತು. ಹಿಂದೆ ಒಬ್ಬರು ವೈದ್ಯರು "ಇದು ಈಗ ಎಲ್ಲರಿಗೂ ಇರುತ್ತೆ, ಸ್ವಲ್ಪ ವಾಕಿಂಗ್ ಮಾಡಿ" ಅಂದು ಕಳಿಸಿದ್ದರು. ನೋವಿಲ್ಲ, ಕಾಮಾಲೆ ಇಲ್ಲ. ನಾನೂ ಮರೆತೆ. ಶುಗರ್ ತೋರಿಸೋಕೆ ಅಂತ ಹೋದಾಗ ಇವರು ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು. "ಈ ಗ್ರೇಡ್ ಕೊಬ್ಬು ಎಷ್ಟಿದೆ ಅಂತ ಮಾತ್ರ ಹೇಳುತ್ತೆ. ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿದೆಯಾ ಅಂತ ಯಾರಾದರೂ ನೋಡಿದ್ದಾರಾ?" ಯಾರೂ ನೋಡಿರಲಿಲ್ಲ. ಆ ಒಂದು ಪ್ರಶ್ನೆ ಅವರು ಕೇಳದೇ ಹೋಗಿದ್ದರೆ? ಈಗಲೂ ರಾತ್ರಿ ಎಚ್ಚರವಾದಾಗ ಇದು ನೆನಪಾಗುತ್ತದೆ.

ಕಲೆಯನ್ನು 0ಯಿಂದ 4ರವರೆಗೆ ಅಳೆಯುತ್ತಾರೆ. 4 ಅಂದರೆ ಸಿರೋಸಿಸ್, ಲಿವರ್ ತುಂಬ ಕಲೆ ಕಟ್ಟಿ ಗಟ್ಟಿಯಾಗಿರುವ ಹಂತ. ನನ್ನದು 3.

ಲಿವರ್ ಡಾಕ್ಟರ್ ಇದನ್ನು ಹೇಳಿದಾಗ ನಾನು ಬೈಗುಳ ತಿನ್ನಲು ಸಿದ್ಧಳಾಗಿದ್ದೆ. ದಪ್ಪಗಿರುವವರಿಗೆ ಅದು ಅಭ್ಯಾಸ. ಅವರು ಬೈಯಲಿಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಬರೆದರು. ಮೈತೂಕದಲ್ಲಿ 5 ಶೇಕಡಾ ಇಳಿದರೆ ಲಿವರ್‌ನ ಕೊಬ್ಬು ಕರಗಲು ಶುರುವಾಗುತ್ತದೆ. 7ರಿಂದ 10 ಇಳಿದರೆ ಉರಿಯೂತ ತಗ್ಗುತ್ತದೆ. ಕಲೆ ಹಿಂದೆ ಸರಿಯಬೇಕಾದರೆ 10 ಅಥವಾ ಇನ್ನೂ ಜಾಸ್ತಿ ಇಳಿಯಬೇಕು, ಇಳಿದದ್ದು ಹಾಗೇ ನಿಲ್ಲಬೇಕು. ನಾನು ಅದಕ್ಕೂ ಮುಂಚೆ ಮೂರು ಸಲ 110ರ ತನಕ ಇಳಿದು, ಮೂರು ಸಲವೂ ವಾಪಸ್ ಏರಿದ್ದೆ. "ನೀವು ಸೋಮಾರಿ ಅಂತಲ್ಲ, ಇಳಿದ ತೂಕವನ್ನು ದೇಹವೇ ವಾಪಸ್ ಎಳೆಯುತ್ತೆ" ಅಂದರು. ಆ ಮಾತು ಕೇಳಿದ ದಿನ ನನ್ನ ಎದೆ ಮೇಲಿನ ಒಂದು ಕಲ್ಲು ಇಳಿಯಿತು.

ಸರ್ಜರಿ ಲಿವರ್‌ಗೆ ಹೇಗೆ ಸಹಾಯ ಮಾಡುತ್ತದೆ ಅಂತ ತಿಳಿಸಿದ್ದೂ ಅವರೇ. ಹೊಟ್ಟೆ ಚಿಕ್ಕದಾಗುತ್ತೆ, ಕಡಿಮೆ ತಿಂತೀವಿ, ಅಷ್ಟೇ ಅಂದುಕೊಂಡಿದ್ದೆ. ಅಷ್ಟೇ ಅಲ್ಲವಂತೆ. ಮೈಯ ಕೊಬ್ಬು ತುಂಬಿ ಹೆಚ್ಚಾದಾಗ ಅದು ರಕ್ತಕ್ಕೆ ಸೇರಿ ಲಿವರ್‌ಗೆ ಹರಿಯುತ್ತದೆ. ಇನ್ಸುಲಿನ್ ಮಾತು ದೇಹ ಕೇಳದಿದ್ದಾಗ ಇನ್ಸುಲಿನ್ ಇನ್ನಷ್ಟು ಏರುತ್ತದೆ, ಆಗ ಲಿವರ್ ತಾನೇ ಸಕ್ಕರೆಯಿಂದ ಕೊಬ್ಬು ತಯಾರಿಸುತ್ತದೆ. ಸರ್ಜರಿ ಆದ ಮೇಲೆ ಈ ಎರಡೂ ಹರಿವು ಇಳಿಯುತ್ತವೆ. ಹಸಿವಿನ ಹಾರ್ಮೋನ್ ತಗ್ಗುತ್ತದೆ, ಹೊಟ್ಟೆ ತುಂಬಿತು ಅನ್ನುವ ಕರುಳಿನ ಹಾರ್ಮೋನ್‌ಗಳು ಏರುತ್ತವೆ. ಮೊದಲು ಕೊಬ್ಬು ಹೋಗುತ್ತದೆ, ಆಮೇಲೆ ಉರಿಯೂತ. ಕಲೆ ಎಲ್ಲಕ್ಕಿಂತ ಕೊನೆಗೆ, ನಿಧಾನವಾಗಿ. "ನಿಮಗೆ ತಾಳ್ಮೆ ಬೇಕು, ಲಿವರ್‌ಗೆ ಸಮಯ ಬೇಕು" ಅಂದಿದ್ದರು.

ಅವರು ಹೆದರಿಕೆಯ ವಿಷಯವನ್ನೂ ಮುಚ್ಚಿಡಲಿಲ್ಲ. ತೂಕ ತೀರಾ ಬೇಗ ಇಳಿದು, ಪೋಷಣೆ ಕೆಟ್ಟರೆ ಲಿವರ್‌ಗೇ ಏಟು. 1960, 70ರ ದಶಕಗಳಲ್ಲಿ ಸಣ್ಣ ಕರುಳಿನ ಬಹುಪಾಲನ್ನು ಬಿಟ್ಟು ಜೋಡಿಸುವ ಒಂದು ಸರ್ಜರಿ ಇತ್ತಂತೆ. ಅದರಿಂದ ಕೆಲವರ ಲಿವರ್ ಪೂರ್ತಿ ಸೋತುಹೋಗಿ, ಆ ಪದ್ಧತಿಯನ್ನೇ ಕೈಬಿಟ್ಟರು. ನನಗೆ ಮಾಡಿದ ಸ್ಲೀವ್ ಸರ್ಜರಿ ಬೇರೆ. ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ, ಕರುಳನ್ನು ಮುಟ್ಟುವುದಿಲ್ಲ. ಆದರೂ ಅವರು ಮೂರು ಮೂರು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸುವುದನ್ನು ಬಿಡಲಿಲ್ಲ. ಆ ಹಟಕ್ಕೆ ನಾನು ಋಣಿ.

ಸರ್ಜನ್ ಸರ್, ನಿಮಗೆ ಬೇರೆಯೇ ಒಂದು ನಮಸ್ಕಾರ. ಆಪರೇಷನ್‌ಗೆ ಮುಂಚೆ ಎರಡು ವಾರ ಬಹಳ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟಿರಿ. ಲಿವರ್‌ನ ಎಡಭಾಗ ಜಠರದ ಮೇಲೇ ಕೂತಿರುತ್ತದೆ, ಅದು ಊದಿಕೊಂಡಿದ್ದರೆ ಎತ್ತಿ ಪಕ್ಕಕ್ಕೆ ಸರಿಸುವುದೇ ಕಷ್ಟ ಅಂದಿರಿ. ಎರಡೇ ವಾರದಲ್ಲಿ ಅದು ಕುಗ್ಗಿತ್ತು. ಅಷ್ಟು ವರ್ಷ ಸುಮ್ನೆ ಸಹಿಸಿಕೊಂಡಿದ್ದ ಅಂಗ, ಸ್ವಲ್ಪ ಬಿಡುವು ಸಿಕ್ಕ ಕೂಡಲೇ ಚೇತರಿಸಿಕೊಳ್ಳುತ್ತದೆ ಅಂತ ನನಗೆ ಮೊದಲ ಸಲ ಗೊತ್ತಾಯಿತು.

ಮೊದಲ ಆರು ತಿಂಗಳು ಸುಲಭ ಇರಲಿಲ್ಲ. ನಾಲ್ಕನೇ ತಿಂಗಳು ಕೂದಲು ಹಿಡಿ ಹಿಡಿಯಾಗಿ ಬಂತು. ಅಕ್ಕ ಅದನ್ನು ನನಗೆ ಕಾಣದ ಹಾಗೆ ಬಾತ್‌ರೂಮಿನಿಂದ ತೆಗೆದು ಹಾಕುತ್ತಿದ್ದಳು. ನಮ್ಮ ಮನೆಯವರು ಮಾತ್ರೆ ಡಬ್ಬಿ ತುಂಬುವ ಕೆಲಸವನ್ನು ತಾವೇ ವಹಿಸಿಕೊಂಡರು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಜೊತೆಗೆ ಪಿತ್ತಕೋಶದಲ್ಲಿ ಕಲ್ಲು ಆಗದಿರಲು ಆರು ತಿಂಗಳ ಮಾತ್ರೆ. ಡಯಟೀಷಿಯನ್ ಮೇಡಂ ರಾತ್ರಿ ಹತ್ತಕ್ಕೂ ನನ್ನ ಮೆಸೇಜಿಗೆ ಉತ್ತರ ಕೊಟ್ಟಿದ್ದಾರೆ. "ಪ್ರೋಟೀನ್ ಮೊದಲು, ಉಳಿದದ್ದು ಆಮೇಲೆ" ಅನ್ನುವ ಅವರ ಧ್ವನಿ ಈಗಲೂ ಊಟಕ್ಕೆ ಕೂತಾಗ ಕಿವಿಯಲ್ಲಿ ಇರುತ್ತದೆ. "ಸುಲಭದ ದಾರಿ ಹಿಡಿದಳು" ಅಂತ ಯಾರೋ ಅಂದಾಗ ನನ್ನ ಮಗಳು ಎದ್ದು ನಿಂತು ಉತ್ತರ ಕೊಟ್ಟಳು. ಅವಳಿಗೆ ಆಗ ಹದಿನಾಲ್ಕು.

ಇನ್ನು, ನಾನು ಯಾವತ್ತೂ ನೋಡದ ಜನರಿಗೆ. ಸರ್ಜರಿ ಬೇಕೋ ಬೇಡವೋ ಅಂತ ಒದ್ದಾಡುತ್ತಿದ್ದಾಗ ಡಾಕ್ಟರ್ ಎರಡು ಅಧ್ಯಯನದ ಬಗ್ಗೆ ಹೇಳಿದರು. ಒಂದು ಫ್ರಾನ್ಸಿನ ಲೀಲ್ ನಗರದ್ದು, 2020ರಲ್ಲಿ ಪ್ರಕಟವಾದದ್ದು. ಅಲ್ಲಿನ ರೋಗಿಗಳು ಸರ್ಜರಿಯಾಗಿ 1 ವರ್ಷಕ್ಕೆ, ಮತ್ತೆ 5 ವರ್ಷಕ್ಕೆ ಲಿವರ್ ಬಯಾಪ್ಸಿಗೆ ಮೈ ಒಡ್ಡಿದರು. 5ನೇ ವರ್ಷ ಪರೀಕ್ಷೆಗೆ ಬಂದವರಲ್ಲಿ ನೂರಕ್ಕೆ 84 ಜನರಲ್ಲಿ ಉರಿಯೂತದ ಕಾಯಿಲೆ ಹೋಗಿತ್ತು, 70 ಜನರಲ್ಲಿ ಕಲೆ ಕಡಿಮೆಯಾಗಿತ್ತು. ಇನ್ನೊಂದು ಇಟಲಿಯದ್ದು, 2023ರದ್ದು, 288 ಜನರ ಮೇಲೆ ನಡೆದದ್ದು. ಒಂದು ವರ್ಷದಲ್ಲಿ ಸರ್ಜರಿ ಆದ ಗುಂಪುಗಳಲ್ಲಿ ನೂರಕ್ಕೆ 56, 57 ಜನರಿಗೆ ಆ ಉರಿಯೂತದ ಕಾಯಿಲೆ ವಾಸಿಯಾಯಿತು. ಆಹಾರ, ವ್ಯಾಯಾಮ, ಔಷಧಿಯ ಗುಂಪಿನಲ್ಲಿ 16. ಬಯಾಪ್ಸಿ ಅಂದರೆ ಪಕ್ಕೆಲುಬಿನ ನಡುವೆ ಚುಚ್ಚುವ ಸೂಜಿ. ನನಗೆ ಆಪರೇಷನ್ ಹೊತ್ತಿಗೆ ಮಂಪರಿನಲ್ಲೇ ತೆಗೆದರು, ಗೊತ್ತೂ ಆಗಲಿಲ್ಲ. ಆ ಅಧ್ಯಯನಗಳ ರೋಗಿಗಳು ಆರಾಮಾಗಿದ್ದಾಗಲೂ ಮತ್ತೆ ಬಂದು ಚುಚ್ಚಿಸಿಕೊಂಡರು. ಮುಂದೆ ಬರುವ ಯಾರಿಗೋ ಉತ್ತರ ಸಿಗಲಿ ಅಂತ. ಆ ಯಾರೋ ನಾನು. ಅವರಿಗೆ ನನ್ನ ಭಾಷೆ ಗೊತ್ತಿಲ್ಲ, ಆದರೂ ಹೇಳುತ್ತೇನೆ, ನಿಮ್ಮ ಋಣ ದೊಡ್ಡದು.

ಕೊನೆಯದಾಗಿ, ಲಿವರ್ ಕ್ಲಿನಿಕ್ಕಿನ ಬೆಂಚಿನ ಮೇಲೆ ಸಿಕ್ಕ ಒಬ್ಬ ಹಿರಿಯರು. ಅವರಿಗೂ ಕುಡಿತದ ಚಟ ಇರಲಿಲ್ಲ, ನನ್ನ ಹಾಗೇ ಫ್ಯಾಟಿ ಲಿವರ್‌ನಿಂದ ಶುರುವಾದದ್ದು. ಗೊತ್ತಾಗುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಆ ಹಂತದಲ್ಲಿ ತೂಕ ಇಳಿಸುವ ಸರ್ಜರಿ ಅಪಾಯ, ಮಾಡುವುದಿಲ್ಲ. ಅವರು ಬೇರೆ ಲಿವರ್‌ಗಾಗಿ ಕಾಯುತ್ತಿದ್ದಾರೆ. ನಾನು ದಿನ ಮುಂದೂಡುತ್ತಿದ್ದೇನೆ ಅಂತ ಗೊತ್ತಾದಾಗ "ತಂಗಿ, ನಿನಗೆ ಇನ್ನೂ ಬಾಗಿಲು ತೆರೆದಿದೆ, ಹೋಗಮ್ಮ" ಅಂದಿದ್ದರು. ಮಾರನೇ ದಿನ ನಾನು ಸರ್ಜನ್‌ಗೆ ಫೋನ್ ಮಾಡಿದ್ದೆ.

ನಿನ್ನೆ ಕ್ಲಿನಿಕ್ಕಿನಿಂದ ಹೊರಗೆ ಬಂದು ಮೊದಲು ಫೋನ್ ಮಾಡಿದ್ದು ಅವರಿಗೇ. "ಎಷ್ಟು ಬಂತು?" ಅಂದರು. 6.1 ಅಣ್ಣ ಅಂದೆ. ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳು ಅಂದರು. ಇನ್ನೊಂದು ಸಲ ಹೇಳಿದೆ.