ಮಗಳಿಗೊಂದು ಪತ್ರ: ಆ ಸಿನಿಮಾದಲ್ಲಿ ಒಬ್ಬ ಅಮ್ಮ ಇದ್ಲು

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ "ಅಮ್ಮಾ ಅದು ಬರೀ ಸಿನಿಮಾ" ಅಂತ ಮಾತು ಮುಗಿಸಿಬಿಡ್ತೀಯ, ಅದಕ್ಕೆ ಬರೀತಾ ಇದೀನಿ. ಹೋದ ಶನಿವಾರ ರಾತ್ರಿ ಹಾಕಿದ್ಯಲ್ಲ ಫೈನಲ್ ಡೆಸ್ಟಿನೇಷನ್ 2, ಆಕ್ಸಿಡೆಂಟಿಂದ ತಪ್ಪಿಸ್ಕೊಂಡೋರನ್ನ ಸಾವು ಒಬ್ಬೊಬ್ರನ್ನೇ ಹುಡುಕ್ಕೊಂಡು ಬರೋ ಆ ಇಂಗ್ಲಿಷ್ ಸಿನಿಮಾ, ನೀನು ಬೆಂಗ್ಳೂರಿಗೆ ಹೋಗಿ ನಾಲ್ಕು ದಿನ ಆಯ್ತು, ನನ್ ತಲೆಯಿಂದ ಅದು ಹೋಗ್ತಾನೇ ಇಲ್ಲ.

ನಿನ್ನೆ ಭದ್ರಾವತಿ ಬಸ್ಸಲ್ಲಿ ಮುಂದಿನ ಸೀಟು ಸಿಕ್ಕಿತ್ತು. ಎದುರಿಗೆ ನೀಲಗಿರಿ ದಿಮ್ಮಿ ತುಂಬಿದ ಲಾರಿ. ಈ ರಸ್ತೇಲಿ ಅಂಥ ಲಾರಿ ಎಷ್ಟು ನೋಡಿಲ್ಲ ನಾನು, ಆದ್ರೆ ನಿನ್ನೆ ಆ ಹಗ್ಗದ ಮೇಲಿಂದ ಕಣ್ಣು ಕೀಳೋಕಾಗ್ಲಿಲ್ಲ ನೋಡು. ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಗಾಳಿಗೆ ಪಟಪಟ ಬಡ್ಕೊಳ್ತಿತ್ತು, ಹಂಪ್ ಹತ್ತಿ ಇಳಿದಾಗ ಮೇಲಿನ ಒಂದು ದಿಮ್ಮಿ ಚೂರು ಹೊರಳಿತು, ಅಷ್ಟೇ, ನನ್ ಎರಡೂ ಕೈ ಕಂಬಿ ಹಿಡ್ಕೊಂಡುಬಿಟ್ವು. ಸಿನಿಮಾದಲ್ಲಿ ಹೈವೇ ಮೇಲೆ ಲಾರಿಯಿಂದ ದಿಮ್ಮಿ ಉರುಳಿ ಬೀಳುತ್ತಲ್ಲ, ನಿಜವಾದ ದಿಮ್ಮಿ ಬೀಳ್ಸಿ ನೋಡಿದ್ರೆ ರಸ್ತೆಯಿಂದ ಅಷ್ಟಾಗಿ ಎಗರ್ತಾ ಇರ್ಲಿಲ್ಲ, ಅದಕ್ಕೆ ಕಂಪ್ಯೂಟರಲ್ಲಿ ಮಾಡಿದ್ರು ಅಂತ ನೀನೇ ಹೇಳಿದ್ದೆ. ಗೊತ್ತಿದ್ರೂ ಅಷ್ಟೇ. ಡೈರೆಕ್ಟರ್ ಡೇವಿಡ್ ಎಲ್ಲಿಸ್ ಮೊದ್ಲು ಸ್ಟಂಟ್ ಮಾಡ್ತಿದ್ದೋರು ಅಂದ್ಯಲ್ಲ, ಆ ಹೈವೇ ಆಕ್ಸಿಡೆಂಟ್ ನೋಡಿದ್ರೆ ಗೊತ್ತಾಗುತ್ತೆ, ಗಾಡಿ ಹೇಗೆ ಮಗುಚುತ್ತೆ, ಗಾಜು ಹೇಗೆ ಒಡೆಯುತ್ತೆ ಅಂತ ಕಣ್ಣಾರೆ ಕಂಡೋರ ಕೆಲಸ ಅದು. 2003ರ ಸಿನಿಮಾ ಅಂತ ಅನ್ಸೋದೇ ಇಲ್ಲ.

ಆದ್ರೆ ನಾನು ಹೇಳ್ಬೇಕಂತಿರೋದು ರಕ್ತದ ಬಗ್ಗೆ ಅಲ್ಲ. ಸಿನಿಮಾದಲ್ಲಿ ಆ ಲಾಟರಿ ಹೊಡೆದ ಹುಡುಗ ತಾನೇ ಕಿಟಕಿಯಿಂದ ಎಸೆದ ನೂಡಲ್ಸ್ ಮೇಲೆ ಜಾರಿ ಬಿದ್ದು ಏಣಿ ಕಣ್ಣಿಗೆ ಇಳಿದಾಗ ನೀನು ಮುಖ ಮುಚ್ಕೊಂಡೆ, ನಾನು ನೋಡ್ತಾನೇ ಇದ್ದೆ. ಇಪ್ಪತ್ತಾರು ವರ್ಷ ಕ್ಯಾಶುವಾಲ್ಟಿ ಡ್ಯೂಟಿ ಮಾಡಿದೋಳಿಗೆ ರಕ್ತ ಹೊಸದಲ್ಲ.

ಅದರಲ್ಲಿ ನೋರಾ ಅಂತ ಒಬ್ಳು ಅಮ್ಮ ಇದ್ಲಲ್ಲ. ಮಗನ್ನ ಹಲ್ಲಿನ ಡಾಕ್ಟರ್ ಹತ್ರ ಕರ್ಕೊಂಡು ಬಂದಿರ್ತಾಳೆ, ಹೊರಗೆ ಬಂದು ಹುಡುಗ ಪಾರಿವಾಳ ಓಡ್ಸೋಕೆ ಹೋಗ್ತಾನೆ, ಮೇಲಿಂದ ಆ ದೊಡ್ಡ ಗಾಜು ಬೀಳುತ್ತೆ. ಅವಳ ಕಣ್ಣೆದುರಿಗೇ. ಆಮೇಲೆ ಗಂಡ ಮಗ ಇರೋ ಕಡೆ ಹೋಗೋಕೆ ತಾನೂ ರೆಡಿ ಅಂತಾಳೆ, ಸ್ವಲ್ಪ ಹೊತ್ತಿಗೆಲ್ಲ ಲಿಫ್ಟಲ್ಲಿ ಅವಳ ಕಥೆನೂ ಮುಗಿಸ್ತಾರೆ. ಅವಳಿಗೆ ಕೂತು ಅಳೋಕೂ ಟೈಮ್ ಕೊಡ್ಲಿಲ್ಲ ಕಣೇ.

ನಾನು ಎದ್ದು ಅಡುಗೆಮನೆಗೆ ಹೋದೆ, ನೀನು ನನಗೆ ಭಯ ಆಯ್ತು ಅಂದ್ಕೊಂಡೆ. ಅದಲ್ಲ. ನೀನು ಎರಡನೇ ಕ್ಲಾಸಲ್ಲಿದ್ದಾಗ ಒಂದು ರಾತ್ರಿ ಬೈಕ್ ಆಕ್ಸಿಡೆಂಟ್ ಕೇಸ್ ಬಂತು, ಹತ್ತೊಂಬತ್ತು ವರ್ಷದ ಹುಡುಗ, ತರೋ ಹೊತ್ತಿಗೇ ಉಸಿರಿರ್ಲಿಲ್ಲ. ಅವನ ಅಮ್ಮ ಬಾಗಿಲಲ್ಲಿ ಅವನ ಒಂದು ಚಪ್ಪಲಿ ಹಿಡ್ಕೊಂಡು ನಿಂತಿದ್ರು, ಅಳ್ಲಿಲ್ಲ, ಕಿರುಚ್ಲಿಲ್ಲ, "ಸಿಸ್ಟರ್, ಇನ್ನೊಂದು ಚಪ್ಪಲಿ ಎಲ್ಲಿ" ಅಂತ ಕೇಳಿದ್ರು. ಎರಡು ಸಲ ಕೇಳಿದ್ರು. ನಾನು ಸ್ಟ್ರೆಚರ್ ಕೆಳಗೆಲ್ಲ ಹುಡುಕಿದೆ, ಸಿಗ್ಲಿಲ್ಲ. ಬೆಳಿಗ್ಗೆ ಮನೆಗೆ ಬಂದು ನಿನ್ನ ಸ್ಕೂಲ್ ಶೂ ಎರಡೂ ಬಾಗಿಲ ಹತ್ರ ಇದಾವಾ ಅಂತ ನೋಡಿ ಆಮೇಲೆ ಸ್ನಾನಕ್ಕೆ ಹೋದೆ.

ನೀನು ಇಂಥ ಸಿನಿಮಾ ನೋಡ್ಬೇಡ ಅಂತ ಹೇಳ್ತಿಲ್ಲ ಪುಟ್ಟಿ, ನಿಂಗೆ ಇಷ್ಟ ಆದ್ರೆ ನೋಡು, ಮೂರನೇದೂ ನೋಡು. ಲಿಫ್ಟ್ ಸೀನಲ್ಲಿ ನೀನು ನಕ್ಕಿದ್ದು ಮಾತ್ರ ನಂಗೆ ಕಷ್ಟ ಆಯ್ತು, ಅದನ್ನ ಆವತ್ತೇ ಹೇಳ್ಬೇಕಿತ್ತು.

ಮತ್ತೆ ಆಫೀಸಿಗೆ ಹೋಗ್ವಾಗ ರಾಡ್ ತುಂಬಿದ ಲಾರಿ ಹಿಂದೆ ಸ್ಕೂಟಿ ಓಡಿಸ್ಬೇಡ, ಸಿಕ್ಕೊಂಡ್ರೆ ಸೈಡಿಗೆ ನಿಲ್ಸು, ಅದು ಮುಂದೆ ಹೋಗ್ಲಿ, ಲೇಟಾದ್ರೂ ಪರವಾಗಿಲ್ಲ. ತಲುಪಿದ ಮೇಲೆ ಒಂದು ಮೆಸೇಜ್ ಹಾಕು.

ನಿನ್ನ
ಅಮ್ಮ