ರೋಲ್ ಬಾರ್ ಅಂತ ನೀವು ಹಾಕಿಕೊಟ್ಟ ಪೈಪಿನ ಬಗ್ಗೆ

ವರ್ಕ್‌ಶಾಪ್ ಮ್ಯಾನೇಜರ್ ಅವರಿಗೆ,

ನಮಸ್ಕಾರ. ಫೋನ್ ಮಾಡಿ ಮಾಡಿ ಸಾಕಾಯಿತು. 'ಸಂಜೆ ಹೇಳ್ತೀವಿ ಮೇಡಂ' ಅಂದಿರಿ, ಆ ಸಂಜೆ ಇನ್ನೂ ಆಗಿಲ್ಲ. ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಬರೆಯುತ್ತಿದ್ದೇನೆ.

ಗಾಡಿ ನಿಮಗೆ ನೆನಪಿರಬೇಕು. ಮನೆಯ ಶೆಡ್ಡಿನಲ್ಲಿ ನಾನೇ ಕಟ್ಟಿದ್ದು. ಓಮ್ನಿಯ 796 ಸಿಸಿ ಇಂಜಿನ್, ಅದರದೇ ಗೇರ್‌ಬಾಕ್ಸ್, ಅದರದೇ ಹಿಂದಿನ ಆಕ್ಸಲ್, ಚೌಕ ಪೈಪಿನ ಚಾಸಿ. ರಸ್ತೆಗೆ ಇಳಿಸುವುದಿಲ್ಲ. ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಿನ ರೇಸು), ಇಲ್ಲದಿದ್ದರೆ ನಮ್ಮ ತೋಟದ ಮಣ್ಣುದಾರಿಗೆ. ಟಾಪ್ ಇಲ್ಲದ ಗಾಡಿ ಮಗುಚಿದರೆ ನೆಲಕ್ಕೂ ನನ್ನ ತಲೆಗೂ ನಡುವೆ ಇರುವುದು ಸೀಟಿನ ಹಿಂದೆ ಕಮಾನಿನ ಹಾಗೆ ನಿಲ್ಲಿಸುವ ಆ ಒಂದು ರೋಲ್ ಬಾರ್ ಮಾತ್ರ. ಇದನ್ನೆಲ್ಲ ನಿಮಗೆ ಹೇಳಿಕೊಡಬೇಕಿಲ್ಲ, ಅಲ್ವಾ?

ನಿಮ್ಮ ಕೊಟೇಶನ್‌ನಲ್ಲಿ ಇರುವುದು ಎಫ್‌ಐಎ, ಅಂದರೆ ಅಂತರರಾಷ್ಟ್ರೀಯ ಮೋಟಾರ್ ರೇಸ್ ಸಂಸ್ಥೆಯ ಅಳತೆ: ಕೋಲ್ಡ್ ಡ್ರಾನ್ ಸೀಮ್‌ಲೆಸ್ (ಬೆಸುಗೆಯ ಗೆರೆಯೇ ಇಲ್ಲದ) ಪೈಪ್, 45 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪ. ಕೊಯ್ದು ಉಳಿದ ತುಂಡೊಂದನ್ನು ನಿಮ್ಮ ಹುಡುಗರು ನನ್ನ ಸೀಟಿನ ಕೆಳಗೇ ಬಿಟ್ಟಿದ್ದರು, ಪುಣ್ಯ. ಒಳಗೆ ಬೆರಳು ಹಾಕಿದರೆ ಉದ್ದಕ್ಕೂ ವೆಲ್ಡಿನ ಏಣು ಸಿಗುತ್ತದೆ. ಸೀಮ್‌ಲೆಸ್ ಪೈಪಿನಲ್ಲಿ ಅದು ಹೇಗೆ ಬಂತು ಅಂತ ನೀವೇ ಹೇಳಬೇಕು. ವರ್ನಿಯರ್ ಅಳತೆಗೋಲು ಹಿಡಿದರೆ ದಪ್ಪ 1.6 ಮಿ.ಮೀ. ಬಾರನ್ನು ಬಗ್ಗಿಸಿದ ಜಾಗದಲ್ಲಿ ಒಳಮೈ ಸೀರೆ ನೆರಿಗೆಯ ಹಾಗೆ ಮಡಿಕೆ ಬಿದ್ದಿದೆ.

ಅದನ್ನು ಕೂರಿಸಿರುವುದಾದರೂ ಎಲ್ಲಿಗೆ? ಚಾಸಿಗಲ್ಲ. ನಾನು ರಿವೆಟ್ ಹೊಡೆದ ಅಲ್ಯೂಮಿನಿಯಂ ನೆಲಕ್ಕೆ, ಸೆಲ್ಫ್ ಟ್ಯಾಪಿಂಗ್ ಸ್ಕ್ರೂನಲ್ಲಿ! ಒಂದೊಂದು ಕಾಲಿಗೆ ಕನಿಷ್ಠ ಮೂರು ಎಂ8 (8 ಮಿ.ಮೀ.) ಬೋಲ್ಟ್, ಗಟ್ಟಿ ಉಕ್ಕಿನ 8.8 ಗ್ರೇಡ್ ಅಂತ ನಿಮ್ಮ ಕೊಟೇಶನ್ನೇ ಹೇಳುತ್ತದೆ. ಹಿಂದಕ್ಕೆ ಆಧಾರ ಕೊಡುವ ಎರಡು ಸ್ಟೇಗಳು ಇಲ್ಲವೇ ಇಲ್ಲ. ಕೇಳಿದರೆ 'ಅದು ಎಕ್ಸ್‌ಟ್ರಾ' ಅಂದಿರಿ.

ಇಷ್ಟಾದರೂ ಸುಮ್ನೆ ಇರುತ್ತಿದ್ದೆನೇನೋ. ಡೆಲಿವರಿ ದಿನದ ನಿಮ್ಮ ಉಪಚಾರ ಮಾತ್ರ ಮರೆಯುವಂಥದ್ದಲ್ಲ. ಗಾಡಿ ಒಯ್ಯಲು ಬಾಡಿಗೆಗೆ ಬಂದಿದ್ದ ಕ್ಯಾಂಟರ್ ಡ್ರೈವರನ್ನು ನೋಡಿ 'ಬನ್ನಿ ಸಾರ್' ಅಂದಿರಿ. 'ಮೇಡಂ, ನೀವು ಫ್ಯಾನ್ ಕೆಳಗೆ ಕೂತ್ಕೊಳ್ಳಿ' ಅಂತ ನನಗೆ ಕುರ್ಚಿ ತೋರಿಸಿದಿರಿ. ಅವರಿಗೆ ಪೂರ್ತಿ ವಿವರಣೆ. ವೆಲ್ಡಿಂಗ್, ಪೇಂಟು, ಬಾಕಿ ಹಣ ಕೂಡ. ಪಾಪ, ಅವರು 'ನಂಗೇನ್ ಗೊತ್ತು ಸಾರ್, ಗಾಡಿ ಆಯಮ್ಮಂದು' ಅಂದರು. ನೀವು ನಕ್ಕಿರಿ.

ನಾನು ಹೆಲ್ಮೆಟ್ ಹಾಕಿ ಸೀಟಿನಲ್ಲಿ ಕೂತೆ. ಹೆಲ್ಮೆಟ್ಟು ಬಾರಿಗಿಂತ ಮೂರು ಬೆರಳು ಮೇಲಿತ್ತು. 'ಸ್ವಲ್ಪ ಬಗ್ಗಿ ಮೇಡಂ' ಅಂದಿರಿ. ಬಗ್ಗಿದೆ. 'ಇನ್ನೂ ಸ್ವಲ್ಪ.' ಹೆಲ್ಮೆಟ್ಟಿನ ಗದ್ದ ಸ್ಟೇರಿಂಗಿಗೆ ತಾಗಿತು. 'ನೋಡಿ, ಈಗ ಸರಿಹೋಯ್ತು!' ಅಂತ ವೆಲ್ಡಿಂಗ್ ಹುಡುಗರನ್ನೆಲ್ಲ ಕರೆದು ತೋರಿಸಿದಿರಿ. ಒಬ್ಬ ಫೋಟೋ ಹೊಡೆದುಕೊಂಡ. ಆಮೇಲೆ ನಿಮ್ಮ ಮಾತು: 'ಅಷ್ಟಕ್ಕೂ ಹೆಲ್ಮೆಟ್ ಯಾಕೆ ಮೇಡಂ, ತೋಟದೊಳಗೆ ಪೊಲೀಸ್ ಇರ್ತಾರಾ?' ಎಲ್ಲರೂ ನಕ್ಕರು. ಡ್ರೈವರ್ ಒಬ್ಬರು ಮಾತ್ರ, 'ಬಾರ್ ಎತ್ತರ ಮಾಡೋದು ಬಿಟ್ಟು ಅವ್ರನ್ಯಾಕೆ ಬಗ್ಗಿಸ್ತೀರಾ ಸಾರ್?' ಅಂದರು. ಆ ದಿನ ನಿಮ್ಮ ವರ್ಕ್‌ಶಾಪಿನಲ್ಲಿ ನಾನು ಕೇಳಿದ ಒಂದೇ ಒಂದು ಇಂಜಿನಿಯರಿಂಗ್ ಮಾತು ಅದು. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಜಾಸ್ತಿ ಸಂಬಳ ಕೊಟ್ಟರೂ ನಷ್ಟವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಪೂರ್ತಿ ಹಣ ವಾಪಸ್ ಬೇಕು, ಕ್ಯಾಂಟರ್ ಬಾಡಿಗೆಯೂ ಸೇರಿ. 'ಇನ್ನೊಂದು ಮಾಡಿಕೊಡ್ತೀವಿ' ಅನ್ನಬೇಡಿ. ನಿಮ್ಮ ಕೈಯ ಬಾರಿನ ಕೆಳಗೆ ನಾನು ಕೂರುವುದಿಲ್ಲ.

15 ದಿನದೊಳಗೆ ಹಣ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗೆ ಅಲ್ಲಿ ಫೀಸೂ ಇಲ್ಲ, ಲಾಯರೂ ಬೇಕಿಲ್ಲ. 2019ರ ಕಾಯ್ದೆಯಲ್ಲಿ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಪ್ರತಿ ತಾರೀಖಿಗೂ ಬೆಂಗಳೂರಿನಿಂದ ಚಿಕ್ಕಮಗಳೂರಿಗೆ ಬರಬೇಕಾದವರು ನೀವು. ಮಳೆಗಾಲದಲ್ಲಿ ಬನ್ನಿ, ಚೆನ್ನಾಗಿರುತ್ತದೆ.

ಇನ್ನೊಂದು ಮಾತು. ಆ ಬಾರನ್ನು ಬಿಚ್ಚಿ ಒಂದೊಂದು ಇಂಚಿನ ಬಿಲ್ಲೆಗಳಾಗಿ ಕೊಯ್ಯಿಸುತ್ತಿದ್ದೇನೆ. ಮುಂದಿನ ಆಟೋಕ್ರಾಸ್‌ನಲ್ಲಿ ಯಾರು ಕೇಳಿದರೂ ಒಂದು ಬಿಲ್ಲೆ, ಜೊತೆಗೆ ನಿಮ್ಮ ಕೊಟೇಶನ್ನಿನ ಜೆರಾಕ್ಸ್, ಫ್ರೀ. ಮೊದಲನೆಯದು ಈ ಕವರಿನಲ್ಲೇ ಇದೆ. ನಿಮ್ಮ ಹತ್ತಿರವೂ ವರ್ನಿಯರ್ ಇರಬೇಕಲ್ಲ, ಅಳೆದು ನೋಡಿ.

ಇತಿ,
ಗಾಡಿಯ ಓನರ್