ಆ ನಿಶ್ಶಬ್ದ ಮತ್ತೆ ಸಿಗಲಿ

ಮಾನ್ಯ ಸಂಪಾದಕರೇ,

2020ರ ಲಾಕ್‌ಡೌನ್ ಕೊಟ್ಟ ಒಂದೇ ಒಂದು ಒಳ್ಳೆಯದನ್ನೂ ನಾವು ಉಳಿಸಿಕೊಳ್ಳಲಿಲ್ಲ ಎಂಬುದು ನನ್ನ ಬೇಸರ. ಅದು ನಿಶ್ಶಬ್ದ. ಕೆಲಸ ಹೋದವರ, ಮನೆಯವರನ್ನು ಕಳೆದುಕೊಂಡವರ ಮುಂದೆ ಇದು ಸಣ್ಣ ಮಾತು, ಗೊತ್ತು. ಆದರೂ ಹೇಳಬೇಕೆನಿಸಿತು.

ಬೆಳಿಗ್ಗೆ ಕಿಟಕಿ ತೆರೆದರೆ ಹಕ್ಕಿಗಳ ದನಿ ಎಷ್ಟು ಚೆನ್ನಾಗಿ ಕೇಳುತ್ತಿತ್ತು! ಹಕ್ಕಿಗಳೇ ಜಾಸ್ತಿಯಾದವೇನೋ ಅಂದುಕೊಂಡಿದ್ದೆ. ಕಡಿಮೆಯಾಗಿದ್ದು ನಮ್ಮ ಗಲಾಟೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಗುಬ್ಬಿಯಂಥ ಹಕ್ಕಿಯೊಂದು ಆಗ ದನಿ ತಗ್ಗಿಸಿ ಹಾಡಿತು, ಆದರೂ ಅದರ ಹಾಡು ಮೊದಲಿಗಿಂತ ದೂರ ತಲುಪಿತು ಎಂದು ಸಂಶೋಧಕರು ಅಳೆದು ಹೇಳಿದ್ದಾರೆ. ಅಂದರೆ ಅಲ್ಲಿಯವರೆಗೆ ಪಾಪ ಅವು ನಮ್ಮಿಂದಾಗಿ ಕಿರುಚುತ್ತಿದ್ದವು. ಭೂಕಂಪ ಅಳೆಯುವ ಯಂತ್ರಗಳಲ್ಲೂ ಮನುಷ್ಯರ ಓಡಾಟದ ಕಂಪನ ಶೇ 50ರವರೆಗೆ ಇಳಿದಿತ್ತು.

ಇದಕ್ಕೆ ಇನ್ನೊಂದು ಸಾಂಕ್ರಾಮಿಕ ಬರಬೇಕಿಲ್ಲ, ಅಲ್ವಾ? ವಾರಕ್ಕೊಂದು ದಿನ, ಬೆಳಿಗ್ಗೆ ಎರಡು ಗಂಟೆಯ ಮಟ್ಟಿಗಾದರೂ ಮನೆಗಳಿರುವ ರಸ್ತೆಗಳಲ್ಲಿ ವಾಹನ ಓಡಾಟವನ್ನು ಸ್ಥಳೀಯ ಆಡಳಿತಗಳು ನಿಲ್ಲಿಸಲಿ. ಆಂಬುಲೆನ್ಸ್‌ಗೆ ಮಾತ್ರ ದಾರಿ ಇರಲಿ. ಮೊದಲು ಒಂದೆರಡು ಬಡಾವಣೆಗಳಲ್ಲಿ ಮಾಡಿ ನೋಡಬಹುದು.

– ಒಬ್ಬ ಓದುಗ